ಇಟಾಲಿಯನ್ ಎಂಬ ಹೆಸರು ಯಾರದು?
(ಒಂದು ವ್ಯಾಖ್ಯಾನ)



ನಮ್ಮ ಶಾಲೆಗಳಲ್ಲಿ ವಿಜಯನಗರದ ಇತಿಹಾಸವನ್ನು ಹೇಳುವಾಗ ಇಟಾಲಿಯನ್ ಪ್ರವಾಸಿಗಳ ಮಾತು ಬಂದೇ ಬರುವದು. 1420ರ ಸುಮಾರಿಗೆ ವಿಜಯನಗರವನ್ನು ಕಂಡ ನಿಕೊಲೊ ಕೊಂತಿ, ಹದಿನಾರನೆಯ ಶತಮಾನದ ಮೊದಲಲ್ಲಿ ಬಂದ ಲುದೊವಿಕೊ ವರ್ತೆಮಾ, 1623ರಲ್ಲಿ ಗೋವೆಯ ಪೋರ್ತುಗೀಜ ರಾಯಭಾರಿಯ ಸಂಗಡ ಇಕ್ಕೇರಿಗೆ ಬಂದು ವೆಂಕಟಪ್ಪನಾಯಕನ ಸಭೆಯನ್ನು ನೋಡಿದ ಪಿಯೆತ್ರೊ ದೆಲ್ಲಾ ವಾಲ್ಲೆ, ಈ ಮೂವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಇಟಾಲಿಯನ್ನರೆಂದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಆದರೆ ತುಂಗಭದ್ರೆಯ ದಡದಲ್ಲಿ ಯಾರಾದರೂ ಕೊಂತಿಯನ್ನು ನಿಲ್ಲಿಸಿ “ನೀನು ಎಲ್ಲಿಯವನು?” ಎಂದು ಕೇಳಿದ್ದರೆ ಅವನ ಬಾಯಿಂದ ಮೊದಲು ಬರತಕ್ಕ ಹೆಸರು ವೆನಿಸ್ ಎಂಬದೇ ಹೊರತು ಇಟಲಿ ಎಂಬದಲ್ಲ. ವರ್ತೆಮನಂತೂ 1510ರಲ್ಲಿ ರೋಮಿನಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದ ತಲೆಬರಹದಲ್ಲಿಯೇ ತಾನು ಬೊಲೊನ್ಯಾದವನೆಂದು ಸೇರಿಸಿಕೊಂಡಿದ್ದಾನೆ. ದೆಲ್ಲಾ ವಾಲ್ಲೆಯು ರೋಮಿನ ಕುಲೀನ ಮನೆತನದವನು. ಒಬ್ಬನ ನಾಡು ಗಣರಾಜ್ಯ, ಉಳಿದಿಬ್ಬರ ನಾಡುಗಳು ಪೋಪನ ಅಧೀನ. ಅವರ ಮನೆಮಾತುಗಳೂ ಒಂದೇ ಆಗಿರಲಿಲ್ಲ. ಹಾಗಾದರೆ ಮೂವರಿಗೂ ಸಲ್ಲುವ ಈ ಒಂದು ಹೆಸರು ಎಲ್ಲಿಂದ ಬಂದಿತು? ಮೊದಲು ಅದು ಯಾರದಾಗಿತ್ತು? ಇದನ್ನೇ ಈ ಹೊತ್ತು ನಿಮ್ಮ ಮುಂದೆ ವಿಚಾರಿಸಬೇಕೆಂದಿದ್ದೇನೆ.

ರಾಷ್ಟ್ರವೆಂದರೆ ರಕ್ತವೆಂದೂ, ಒಂದು ಜನಾಂಗದ ಹೆಸರೆಂದರೆ ಮೂಲಪುರುಷನಿಂದ ಇಳಿದು ಬಂದ ಗೋತ್ರನಾಮವೆಂದೂ ತಿಳಿಯುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅಂಥವರು ‘ಇಟಾಲಿಯನ್’ ಎಂಬ ಶಬ್ದದ ಚರಿತ್ರೆಯನ್ನು ಅವಶ್ಯವಾಗಿ ಓದತಕ್ಕದ್ದು. ಏತಕ್ಕೆಂದರೆ ಈ ಹೆಸರಿನಲ್ಲಿ ರಕ್ತದ ಗಂಧವೇ ಇಲ್ಲ. ಅದು ಹುಟ್ಟಿದ್ದು ಒಂದು ಮೂಲೆಯ ನೆಲಕ್ಕೆ. ಬೆಳೆದದ್ದು ಪರರು ಕರೆದದ್ದರಿಂದ. ರಾಷ್ಟ್ರದ ಹೆಸರಾದದ್ದು ಹಕ್ಕಿಗಾಗಿ ನಡೆದ ಒಂದು ಯುದ್ಧದಲ್ಲಿ.

ಇಟಲಿಯ ನಕಾಶವನ್ನು ನೀವೆಲ್ಲರೂ ಬಲ್ಲಿರಿ. ಮಂಡಿಯ ವರೆಗೆ ಬೂಟು ತೊಟ್ಟ ಕಾಲಿನಂತೆ ಅದು ಸಮುದ್ರದಲ್ಲಿ ಇಳಿದಿದೆ. ಆ ಬೂಟಿನ ಮುಂದುದಿ, ಅಂದರೆ ಸಿಸಿಲಿ ದ್ವೀಪಕ್ಕೆ ಎದುರಾಗಿರುವ ಬೆರಳಿನ ಭಾಗವೇ ಮೊದಲಿನ ಇಟಲಿ. ಕ್ರಿ. ಪೂ. ಎಂಟನೆಯ ಶತಮಾನದಿಂದ ಗ್ರೀಕರು ಹಡಗುಗಳಲ್ಲಿ ಬಂದು ಆ ಕರಾವಳಿಯಲ್ಲಿ ಊರುಗಳನ್ನು ಕಟ್ಟಿದರು. ಅಲ್ಲಿಯ ಒಳನಾಡಿನ ಜನರನ್ನು ಅವರು ಇತಾಲೊಯಿ ಎಂದೂ, ಆ ನೆಲವನ್ನು ಇತಾಲಿಯಾ ಎಂದೂ ಕರೆದರು. ತತ್ತ್ವಜ್ಞಾನಿಯಾದ ಅರಿಸ್ಟಾಟಲನು ತನ್ನ ರಾಜನೀತಿಗ್ರಂಥದಲ್ಲಿ ಈ ಹಳೆಯ ಇಟಲಿಯ ಎಲ್ಲೆಯನ್ನು ಹೇಳಿದ್ದಾನೆ. ಪೂರ್ವದಿಂದಲೂ ಪಶ್ಚಿಮದಿಂದಲೂ ಎರಡು ಕೊಲ್ಲಿಗಳು ಒಳಸರಿದು ಭೂಮಿಯನ್ನು ಕೊರಳಿನಂತೆ ಕಿರಿದು ಮಾಡಿರುವ ಸ್ಥಳವೊಂದುಂಟು. ಅದರಿಂದ ಕೆಳಗಿನದಷ್ಟೇ ಇಟಲಿ. ಆ ಎರಡು ಕೊಲ್ಲಿಗಳ ನಡುವೆ ಅರ್ಧ ದಿನದ ದಾರಿಯೆಂದು ಅವನು ಬರೆದಿದ್ದಾನೆ. ಇಂದಿನ ಲೆಕ್ಕಕ್ಕೆ ಇಪ್ಪತ್ತು ಮೈಲಿನ ಆಸುಪಾಸು. ಆಗ ರೋಮ್ ನಗರವು ಇಟಲಿಯಲ್ಲಿರಲಿಲ್ಲ. ಮಿಲಾನ್, ವೆನಿಸ್‌ಗಳ ನೆಲವಂತೂ ದೂರವೇ ಉಳಿಯಿತು.

ಹೆಸರಿಗೆ ಕಾರಣವೇನೆಂದು ಕೇಳಿದರೆ ಪುರಾತನರು ಎರಡು ಕಥೆ ಹೇಳುತ್ತಿದ್ದರು. ಇತಾಲಸ್ ಎಂಬ ಅರಸನೊಬ್ಬನಿದ್ದನು, ಅವನು ದನಗಾಹಿಗಳಾಗಿದ್ದ ತನ್ನ ಜನರನ್ನು ಒಕ್ಕಲಿಗರನ್ನಾಗಿ ಮಾಡಿ, ಎಲ್ಲರೂ ಕೂಡಿ ಉಣ್ಣುವ ಪದ್ಧತಿಯನ್ನು ಹಾಕಿಕೊಟ್ಟನು, ಅವನಿಂದ ನಾಡಿಗೆ ಹೆಸರು ಬಂದಿತು ಎಂಬದು ಒಂದು. ಊರಿನ ಹೆಸರಿಗೆ ತಕ್ಕ ಒಬ್ಬ ರಾಜನನ್ನು ಆಮೇಲೆ ಹುಟ್ಟಿಸುವದು ನಮ್ಮ ಸ್ಥಳಪುರಾಣಕಾರರಿಗೆ ಮಾತ್ರ ತಿಳಿದ ವಿದ್ಯೆಯಲ್ಲವೆಂದು ಇದರಿಂದ ಕಾಣುವದು. ಎರಡನೆಯದು ಹೆಚ್ಚು ಸ್ವಾರಸ್ಯವುಳ್ಳದ್ದು. ಗ್ರೀಕರ ವೀರನಾದ ಹೆರಾಕ್ಲಿಸನು ಗೆರಿಯೋನನ ದನಗಳನ್ನು ಹೊಡೆದುಕೊಂಡು ಈ ದಾರಿಯಲ್ಲಿ ಬರುತ್ತಿರಲು ಒಂದು ಕರುವು ಹಿಂಡಿನಿಂದ ತಪ್ಪಿಸಿಕೊಂಡು, ನಾಡನ್ನೆಲ್ಲ ಸುತ್ತಿ, ಸಮುದ್ರವನ್ನು ಈಜಿ ಸಿಸಿಲಿಯನ್ನು ಮುಟ್ಟಿತಂತೆ. ಅವನು ಕಂಡಕಂಡವರನ್ನು ಕರುವಿನ ವಿಷಯವಾಗಿ ಕೇಳುತ್ತ ಹೋದನು. ಅಲ್ಲಿಯವರು ತಮ್ಮ ಮಾತಿನಲ್ಲಿ ಕರುವಿಗೆ ‘ವಿತುಲುಸ್’ ಎನ್ನುತ್ತಿದ್ದುದರಿಂದ ಅವನು ಆ ನಾಡಿಗೇ ವಿತೂಲಿಯಾ ಎಂದು ಹೆಸರಿಟ್ಟನಂತೆ.

ಕಥೆಯು ಕಥೆಯೇ. ಆದರೆ ಅದರೊಳಗಿನ ಕರುವನ್ನು ಭಾಷಾಶಾಸ್ತ್ರಜ್ಞರು ಬಿಟ್ಟಿಲ್ಲ. ಲ್ಯಾಟಿನ್ ಭಾಷೆಯಲ್ಲಿ ವಿತುಲುಸ್ ಎಂದರೆ ನಿಜವಾಗಿ ಕರುವೇ. ಅದರ ನೆರೆಭಾಷೆಯಾದ ಉಂಬ್ರಿಯನ್ನಿನಲ್ಲಿ ‘ವಿತ್ಲು’ ಎಂಬ ರೂಪವುಂಟು. ದಕ್ಷಿಣದಲ್ಲಿ ಆಡುತ್ತಿದ್ದ ಓಸ್ಕನ್ ಭಾಷೆಯಲ್ಲಿ ಇಟಲಿಗೆ ‘ವಿತೆಲಿಯೂ’ ಎಂದೇ ಹೆಸರು. ಹೀಗಿರುವದರಿಂದ ಇತಾಲಿಯಾ ಎಂದರೆ ಕರುಗಳ ನಾಡು, ದನಕರುಗಳು ತುಂಬಿದ ಗೋಮಾಳದ ಸೀಮೆ ಎಂಬ ಅರ್ಥವನ್ನು ಬಹುಜನ ಪಂಡಿತರು ಒಪ್ಪುತ್ತಾರೆ. ಕರುವನ್ನು ಕುಲಚಿಹ್ನೆಯಾಗಿ ಉಳ್ಳ ಜನರು ಎಂದು ಕೆಲವರ ಊಹೆ. ಇವೆರಡನ್ನೂ ಒಪ್ಪದವರೂ ಇಲ್ಲದಿಲ್ಲ. ನನಗೆ ಮೊದಲಿನದೇ ಸಹಜವಾಗಿ ತೋರುತ್ತದೆ.

ಇಲ್ಲಿ ಸಂಸ್ಕೃತ ಬಲ್ಲವರಿಗೆ ಒಂದು ಸಂತೋಷದ ಸಂಗತಿಯುಂಟು. ಈ ವಿತುಲುಸ್ ಶಬ್ದವೂ ನಮ್ಮ ‘ವತ್ಸ’ ಶಬ್ದವೂ ಒಂದೇ ಬೇರಿನ ಚಿಗುರುಗಳು. ಆ ಬೇರಿನ ಅರ್ಥವು ವರ್ಷವೆಂಬದು. ‘ವತ್ಸರ’, ‘ಸಂವತ್ಸರ’ಗಳಲ್ಲಿ ಅದು ಈಗಲೂ ನಿಚ್ಚಳವಾಗಿದೆ. ವತ್ಸವೆಂದರೆ ಒಂದು ವರ್ಷದ ಮರಿ. ಗ್ರೀಕರಲ್ಲಿಯೂ ವರ್ಷಕ್ಕೆ ಇದೇ ಬೇರಿನ ‘ವೆತೊಸ್’ ಎಂಬ ಶಬ್ದವಿತ್ತು. ಮುಂದೆ ಅದರ ಮೊದಲಿನ ವಕಾರವು ಬಿದ್ದುಹೋಗಿ ಅದು ‘ಎತೊಸ್’ ಆಯಿತು. ಗ್ರೀಕರ ನಾಲಗೆಯಲ್ಲಿ ಶಬ್ದದ ಆದಿಯ ವಕಾರವು ನಿಲ್ಲಲಿಲ್ಲ. ಹಳಗನ್ನಡದ ಪಾಲು ಹಾಲಾಗಿ, ನಮ್ಮ ಕೆಲವು ಹಳ್ಳಿಗರ ಬಾಯಲ್ಲಿ ಆಲೂ ಆಗುವಂತೆ, ವಿತೆಲಿಯೂ ಎಂಬದು ಗ್ರೀಕರ ಬಾಯಲ್ಲಿ ಇತಾಲಿಯಾ ಆಗಿರಬೇಕು. ವಿಚಿತ್ರವೇನೆಂದರೆ, ವಿತುಲುಸ್ ಎಂದು ವಕಾರವನ್ನು ಚೆನ್ನಾಗಿ ಉಚ್ಚರಿಸಬಲ್ಲ ರೋಮನರೇ ತಮ್ಮ ನಾಡಿನ ಹೆಸರನ್ನು ಗ್ರೀಕರ ತೊದಲಿನಂತೆ ಕಲಿತುಕೊಂಡರು. ತಮ್ಮ ಹೆಸರನ್ನು ಪರರ ಉಚ್ಚಾರದಲ್ಲಿ ಮರಳಿ ಪಡೆದ ಜನರಲ್ಲಿ ಅವರು ಮೊದಲಿನವರೂ ಅಲ್ಲ, ಕಡೆಯವರೂ ಅಲ್ಲ.

ಹೆಸರು ಬೆರಳಿನಿಂದ ಮೇಲಕ್ಕೆ ಏರುತ್ತ ಹೋಯಿತು. ರೋಮಿನ ಸೈನ್ಯವು ಮುಂದಕ್ಕೆ ನಡೆದಂತೆ ಹೆಸರೂ ನಡೆಯಿತು. ಕ್ರಿ. ಪೂ. ಎರಡನೆಯ ಶತಮಾನದ ಹೊತ್ತಿಗೆ ಆಲ್ಪ್ಸ್ ಪರ್ವತಗಳ ವರೆಗಿನ ಭೂಮಿಯನ್ನೆಲ್ಲ ಬರಹಗಾರರು ಇಟಲಿಯೆನ್ನತೊಡಗಿದ್ದರು. ಆದರೆ ಭೂಗೋಳದ ಇಟಲಿ ಬೇರೆ, ಕಾಯದೆಯ ಇಟಲಿ ಬೇರೆ. ಜೂಲಿಯಸ್ ಸೀಜರನು ಕ್ರಿ. ಪೂ. 49ರಲ್ಲಿ ರೂಬಿಕಾನ್ ಹೊಳೆಯನ್ನು ದಾಟಿದ ಕಥೆ ಪ್ರಸಿದ್ಧವಾಗಿದೆ. ಆ ಸಣ್ಣ ಹೊಳೆಯು ಏಕೆ ಅಷ್ಟು ದೊಡ್ಡದಾಯಿತೆಂದರೆ, ಪೂರ್ವಕಡೆಯಲ್ಲಿ ಇಟಲಿಯ ಗಡಿ ಅದೇ ಆಗಿತ್ತು. ಅದರಾಚೆ ಗಾಲ್ ಪ್ರಾಂತ. ಮಾಂಟುವಾದ ಬಳಿ ಹುಟ್ಟಿದ ವರ್ಜಿಲನು ಇಟಲಿಯ ಕೀರ್ತಿಯನ್ನು ಹಾಡಿದ ಮಹಾಕವಿ, ಆದರೆ ಕ್ರಿ. ಪೂ. 70ರಲ್ಲಿ ಅವನು ಹುಟ್ಟಿದ ದಿನ ಆ ಊರು ಕಾಯದೆಯ ಪ್ರಕಾರ ಇಟಲಿಯಲ್ಲಿರಲಿಲ್ಲ. ಕ್ರಿ. ಪೂ. 42ರಲ್ಲಿ ಆ ಪ್ರಾಂತವು ಇಟಲಿಯಲ್ಲಿ ಸೇರಿತು. ಸಿಸಿಲಿ, ಸಾರ್ಡೀನಿಯಾ ದ್ವೀಪಗಳು ಇನ್ನೂ ಮುನ್ನೂರು ವರ್ಷ ಕಾಯಬೇಕಾಯಿತು.

ಈ ನಡುವೆ ನಡೆದ ಒಂದು ಯುದ್ಧದ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಮ್ಮ ಶಾಲಾಪುಸ್ತಕಗಳಲ್ಲಿ ಅದಕ್ಕೆ ಒಂದು ಸಾಲೂ ಸಿಕ್ಕುವದಿಲ್ಲ. ಆದರೆ ಇಟಾಲಿಯನ್ ಎಂಬ ಹೆಸರಿಗೆ ಪ್ರಾಣ ಬಂದದ್ದು ಅದರಲ್ಲಿಯೇ. ರೋಮು ಪರ್ಯಾಯದ್ವೀಪದ ಉಳಿದ ಜನರನ್ನು ಗೆದ್ದ ಬಳಿಕ ಅವರನ್ನು ಪ್ರಜೆಗಳನ್ನಾಗಿ ಮಾಡಿಕೊಳ್ಳಲಿಲ್ಲ, ಮಿತ್ರರೆಂದು ಕರೆಯಿತು. ಮಿತ್ರರ ಕರ್ತವ್ಯವು ಯುದ್ಧಕ್ಕೆ ದಂಡನ್ನು ಕೊಡುವದು. ರೋಮಿನ ಸೈನ್ಯದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಜನರು ಈ ಮಿತ್ರರೇ ಆಗಿದ್ದರು. ಕಾರ್ಥೇಜು, ಗ್ರೀಸು, ಸ್ಪೇನುಗಳನ್ನು ಗೆಲ್ಲುವದರಲ್ಲಿ ಅವರ ನೆತ್ತರೂ ಹರಿಯಿತು. ಆದರೆ ಮತ ಕೊಡುವ ಹಕ್ಕು ಅವರಿಗಿಲ್ಲ. ಗೆದ್ದ ಭೂಮಿಯನ್ನು ಹಂಚುವಾಗ ಅವರ ಮಾತು ನಡೆಯುವದಿಲ್ಲ. ರೋಮನ್ ಅಧಿಕಾರಿಯೊಬ್ಬನು ಅವರ ಊರಿನ ಮುಖಂಡನನ್ನು ಕಂಬಕ್ಕೆ ಕಟ್ಟಿಸಿ ಹೊಡೆಸಿದರೆ ಕೇಳುವವರಿಲ್ಲ. ಕ್ರಿ. ಪೂ. 91ರಲ್ಲಿ ಲಿವಿಯಸ್ ಡ್ರೂಸಸ್ ಎಂಬ ರೋಮನ್ ಜನಪ್ರತಿನಿಧಿಯು ಇವರಿಗೂ ನಾಗರಿಕತ್ವವನ್ನು ಕೊಡಬೇಕೆಂದು ವಾದಿಸಿದನು. ಅವನ ಕೊಲೆಯಾಯಿತು. ಮಿತ್ರರ ತಾಳ್ಮೆಯೂ ಅಲ್ಲಿಗೆ ಮುಗಿಯಿತು.

ಮಾರ್ಸಿ, ಸಾಮ್ನೈಟ್ ಮೊದಲಾದ ಜನರು ಒಂದುಗೂಡಿ ಕೋರ್ಫಿನಿಯಮ್ ಎಂಬ ಬೆಟ್ಟನಾಡಿನ ಊರನ್ನು ರಾಜಧಾನಿ ಮಾಡಿಕೊಂಡು ಅದಕ್ಕೆ ಇತಾಲಿಕಾ ಎಂದು ಹೆಸರಿಟ್ಟರು. ಐನೂರು ಜನರ ಸಭೆಯನ್ನೂ, ಇಬ್ಬರು ಮುಖ್ಯಾಧಿಕಾರಿಗಳನ್ನೂ ಏರ್ಪಡಿಸಿದರು. ತಮ್ಮದೇ ನಾಣ್ಯವನ್ನು ಟಂಕಿಸಿದರು. ಆ ನಾಣ್ಯಗಳು ಈಗಲೂ ವಸ್ತುಸಂಗ್ರಹಾಲಯಗಳಲ್ಲಿವೆ. ಒಂದು ಬಗೆಯ ನಾಣ್ಯದ ಮೇಲೆ ಗೂಳಿಯೊಂದು ತೋಳವನ್ನು ಕೊಂಬಿನಿಂದ ತಿವಿದು ಕೆಡವುತ್ತಿರುವ ಚಿತ್ರವಿದೆ. ತೋಳವು ರೋಮಿನ ಲಾಂಛನವೆಂಬದು ಎಲ್ಲರಿಗೂ ಗೊತ್ತು. ಗೂಳಿಯು ಇಟಲಿ; ಹೆರಾಕ್ಲಿಸನ ಕರುವು ಇಲ್ಲಿ ಬೆಳೆದು ಕೊಂಬು ಮೂಡಿಸಿಕೊಂಡು ಬಂದಿದೆ! ಕೆಲವು ನಾಣ್ಯಗಳಲ್ಲಿ ಇತಾಲಿಯಾ ಎಂದು ಲ್ಯಾಟಿನ್ ಲಿಪಿಯಲ್ಲಿಯೂ, ಕೆಲವುಗಳಲ್ಲಿ ವಿತೆಲಿಯೂ ಎಂದು ಬಲದಿಂದ ಎಡಕ್ಕೆ ಬರೆಯುವ ಓಸ್ಕನ್ ಲಿಪಿಯಲ್ಲಿಯೂ ಅಕ್ಷರಗಳಿವೆ. ಈ ನೆಲದ ಜನರು ತಮ್ಮ ರಾಜ್ಯಕ್ಕೆ ಇಟಲಿಯೆಂಬ ಹೆಸರನ್ನು ತಾವೇ ಇಟ್ಟುಕೊಂಡದ್ದು ಇದೇ ಮೊದಲು. ಗಮನಿಸಿರಿ: ಹಾಗೆ ಇಟ್ಟುಕೊಂಡವರು ರೋಮನರಲ್ಲ, ರೋಮಿನಿಂದ ಹೊರಗಿಡಲ್ಪಟ್ಟವರು. ಭಾಷೆ ಹಲವು, ಕುಲ ಹಲವು. ಅವರನ್ನು ಕೂಡಿಸಿದ್ದು ಒಂದೇ ನೆಲ ಮತ್ತು ಒಂದೇ ಅನ್ಯಾಯ.

ಯುದ್ಧದಲ್ಲಿ ಅವರು ಸೋತರು. ಆದರೆ ಕೇಳಿದ್ದು ಸಿಕ್ಕಿತು. ಕ್ರಿ. ಪೂ. 90 ಮತ್ತು 89ರ ಶಾಸನಗಳಿಂದ ಪೋ ನದಿಯ ದಕ್ಷಿಣದ ಜನರಿಗೆ ಬಹುಮಟ್ಟಿಗೆ ರೋಮಿನ ನಾಗರಿಕತ್ವವು ದೊರೆಯಿತು. ಆದರೆ ಅದರೊಡನೆ ಇತಾಲಿಯಾ ಎಂಬ ಯುದ್ಧಘೋಷವೂ ಅಡಗಿತು. ಎಲ್ಲರೂ ರೋಮನರಾದ ಬಳಿಕ ಇಟಾಲಿಯನ್ನರೆಂದು ಹೇಳಿಕೊಳ್ಳುವ ಕಾರಣವೇನು? ಅಗಸ್ಟಸನು ಇಟಲಿಯನ್ನು ಹನ್ನೊಂದು ವಿಭಾಗಗಳಾಗಿ ಮಾಡಿದನು; ಹೆಸರು ದಫ್ತರದ ಹೆಸರಾಯಿತು. ಓಸ್ಕನ್ ಮೊದಲಾದ ಭಾಷೆಗಳು ಲ್ಯಾಟಿನ್ನಿನಲ್ಲಿ ಕರಗಿಹೋದವು.

ರೋಮನ್ ಸಾಮ್ರಾಜ್ಯವು ಮುರಿದ ಮೇಲೆ ಹೆಸರಿನ ದುರ್ದೆಸೆಯನ್ನು ಏನು ಹೇಳಲಿ! 568ರಲ್ಲಿ ಲಂಬಾರ್ಡರೆಂಬ ಜರ್ಮನ್ ಜನರು ಆಲ್ಪ್ಸ್ ದಾಟಿ ಬಂದರು. ಉತ್ತರದ ದೊಡ್ಡ ಭಾಗಕ್ಕೆ ಅವರ ಹೆಸರೇ ನಿಂತಿತು. ಮುಂದೆ ಲಂಡನ್, ಪ್ಯಾರಿಸ್‌ಗಳಲ್ಲಿ ಸಾಹುಕಾರಿ ಮಾಡಹೋದ ಉತ್ತರ ಇಟಲಿಯ ವ್ಯಾಪಾರಿಗಳೆಲ್ಲ ಲಂಬಾರ್ಡರೆನಿಸಿಕೊಂಡರು. ಲಂಡನ್ನಿನ ಲಂಬಾರ್ಡ್ ಬೀದಿಯು ಅವರ ನೆನಪು. ಇನ್ನು ಬೂಟಿನ ಬೆರಳಿನ ಗತಿಯೇನಾಯಿತು? ಪ್ರಾಚೀನರು ಕಲಾಬ್ರಿಯಾ ಎನ್ನುತ್ತಿದ್ದುದು ಬೂಟಿನ ಹಿಮ್ಮಡಿಗೆ. ಬೈಜಾಂಟೈನ್ ಸಾಮ್ರಾಜ್ಯದ ಆಡಳಿತದಲ್ಲಿ, ಏಳನೆಯ ಶತಮಾನದ ಸುಮಾರಿಗೆ, ಹಿಮ್ಮಡಿಯ ಹೆಸರು ಬೆರಳಿಗೆ ಬಂದು ಅಂಟಿಕೊಂಡಿತು. ಹೀಗೆ ತನ್ನ ಹೆಸರನ್ನು ಇಡೀ ದೇಶಕ್ಕೆ ದಾನ ಮಾಡಿದ ಮೂಲೆಗೆ ತನಗೆಂದು ಪರರ ಹೆಸರು ಉಳಿಯಿತು. ಹೆಸರುಗಳು ಹೀಗೆ ಅಲೆಯುವದು ನಮಗೆ ಹೊಸದಲ್ಲ. ಕರ್ನಾಟಕವೆಂಬ ನಮ್ಮ ಹೆಸರನ್ನು ಇಂಗ್ಲಿಷರು ‘ಕಾರ್ನಾಟಿಕ್’ ಮಾಡಿ ಆರ್ಕಾಟಿನ ನವಾಬನ ತಮಿಳು ಸೀಮೆಗೆ ಅಂಟಿಸಿದ್ದನ್ನು ಬಲ್ಲವರು ಕಲಾಬ್ರಿಯಾದ ಕಥೆಗೆ ನಗಲಾರರು.

ಹೊರಗಿನವರೆಲ್ಲ ಇಟಲಿಯೆಂದೇ ಕರೆದರೆಂದೂ ತಿಳಿಯಬೇಡಿರಿ. ಪೋಲಿಷ್ ಜನರಿಗೆ ಈ ದೇಶವು ಈಗಲೂ ‘ವ್ವೊಹಿ’, ಹಂಗೇರಿಯವರಿಗೆ ‘ಓಲಸ್‌ಓರ್‌ಸಾಗ್’. ಜರ್ಮನರು ಹಿಂದೆ ಇಟಲಿಯವರನ್ನು ‘ವೆಲ್ಶ್’ ಎನ್ನುತ್ತಿದ್ದರು. ಈ ಮೂರೂ ಒಂದೇ ಶಬ್ದದ ವೇಷಾಂತರಗಳು. ವೋಲ್ಕೆ ಎಂಬ ಒಂದು ಕೆಲ್ಟಿಕ್ ಕುಲದ ಹೆಸರು ಜರ್ಮನರ ಬಾಯಲ್ಲಿ ‘ನಮ್ಮ ಮಾತನ್ನಾಡದ ಪರಕೀಯನು’ ಎಂಬ ಅರ್ಥಕ್ಕೆ ತಿರುಗಿತು. ಇಂಗ್ಲಂಡದ ಪಕ್ಕದ ವೇಲ್ಸ್ ನಾಡಿನ ಹೆಸರೂ ಅದೇ.

ಇನ್ನು ಭಾಷೆಗೆ ಬರೋಣ. ಇತಾಲಿಯಾ ಶಬ್ದಕ್ಕೆ ಲ್ಯಾಟಿನ್ನಿನ ‘ಆನೊ’ ಎಂಬ ಪ್ರತ್ಯಯವು ಸೇರಿ ‘ಇತಾಲಿಯಾನೊ’ ಆಯಿತು; ನಮ್ಮಲ್ಲಿ ಕನ್ನಡಕ್ಕೆ ‘ಇಗ’ ಸೇರಿ ಕನ್ನಡಿಗನಾದಂತೆ. ಪುರಾತನರ ರೂಪಗಳು ‘ಇತಾಲುಸ್’, ‘ಇತಾಲಿಕುಸ್’ ಎಂಬವು. ಎರಡನೆಯದರಿಂದ ಬಂದ ‘ಇಟ್ಯಾಲಿಕ್’ ಎಂಬ ಹೆಸರನ್ನು ಮುದ್ರಣಾಲಯದವರು ಬಲ್ಲರು. ವೆನಿಸ್ಸಿನ ಆಲ್ದೊ ಮನೂಚಿಯೊ ಎಂಬ ಮುದ್ರಕನು 1501ರಲ್ಲಿ ಆ ಓರೆ ಅಕ್ಷರಗಳಿಂದ ವರ್ಜಿಲನ ಗ್ರಂಥವನ್ನು ಅಚ್ಚು ಹಾಕಿದನು. ಇತಾಲಿಯಾನೊ ಎಂಬ ರೂಪವು ಹದಿಮೂರನೆಯ ಶತಮಾನದಲ್ಲಿ ತಲೆಯೆತ್ತುತ್ತದೆ. ಫ್ಲೋರೆನ್ಸಿನ ಬ್ರುನೆತ್ತೊ ಲತೀನಿಯು ಫ್ರಾನ್ಸಿನಲ್ಲಿ ದೇಶಭ್ರಷ್ಟನಾಗಿದ್ದಾಗ ಫ್ರೆಂಚ್ ಭಾಷೆಯಲ್ಲಿ ಒಂದು ದೊಡ್ಡ ಗ್ರಂಥವನ್ನು ಬರೆದು, ತಾನು ಇಟಾಲಿಯನ್ನನಾಗಿದ್ದರೂ ಈ ಭಾಷೆಯಲ್ಲಿ ಏಕೆ ಬರೆದೆನೆಂದು ಸಮಾಧಾನ ಹೇಳಿಕೊಂಡಿದ್ದಾನೆ. ಮನೆಯಲ್ಲಿರುವಾಗ ಫ್ಲೋರೆನ್ಸಿನವನು, ಪರದೇಶದಲ್ಲಿ ಇಟಾಲಿಯನ್ನನು! ಈ ಮಾತನ್ನು ನೆನಪಿನಲ್ಲಿಡಿರಿ. ಮುಂದೆ ಲಕ್ಷೋಪಲಕ್ಷ ಬಡವರ ಅನುಭವವೂ ಇದೇ ಆಗುವದು.

ಲತೀನಿಯನ್ನು ಗುರುವಿನಂತೆ ಗೌರವಿಸಿದ ದಾಂತೆಯು 1305ರ ಸುಮಾರಿಗೆ ದೇಶಭಾಷೆಯ ವಿಷಯವಾಗಿ ಲ್ಯಾಟಿನ್ನಿನಲ್ಲಿ ಒಂದು ಗ್ರಂಥವನ್ನು ತೊಡಗಿದನು. ಅದರಲ್ಲಿ ಅವನು ಇಟಲಿಯ ಹದಿನಾಲ್ಕು ಆಡುಮಾತುಗಳನ್ನು ಎಣಿಸಿ, ಒಂದೊಂದನ್ನೂ ಒರೆಗೆ ಹಚ್ಚಿ, ತನ್ನ ಊರಿನದನ್ನೂ ಬಿಡದೆ ಎಲ್ಲವನ್ನೂ ತಳ್ಳಿಹಾಕಿದನು. ಎಲ್ಲ ಊರುಗಳಲ್ಲಿಯೂ ಸುಳಿವು ಕೊಟ್ಟು ಯಾವ ಊರಿನಲ್ಲಿಯೂ ನೆಲಸದ ಒಂದು ಉನ್ನತ ಭಾಷೆ ಬೇಕೆಂದು ಅವನ ಮತ. ‘ಹೌದು’ ಎನ್ನುವದಕ್ಕೆ ‘ಸೀ’ ಎನ್ನುವವರ ಭಾಷೆಯೆಂದು ಅವನು ಅದನ್ನು ಗುರುತಿಸಿದನು. ಹೆಸರಿನ ವಿಷಯದಲ್ಲಿ ಮಾತ್ರ ಜಗಳವು ತೀರಲಿಲ್ಲ. ಫ್ಲೋರೆನ್ಸಿನವರು ಫ್ಲೋರೆನ್ಸಿನ ಭಾಷೆಯೆಂದರು, ಸುತ್ತಲಿನವರು ತೊಸ್ಕಾನವೆಂದರು, ವಿಚೆಂತ್ಸಾದ ತ್ರಿಸ್ಸಿನೊ ಎಂಬ ಪಂಡಿತನು 1529ರಲ್ಲಿ ದಾಂತೆಯ ಗ್ರಂಥವನ್ನು ಭಾಷಾಂತರಿಸಿ ಪ್ರಕಟಿಸಿ, ಇದು ಇಟಾಲಿಯನ್ನೇ ಸರಿ ಎಂದು ವಾದಿಸಿದನು. ಕ್ರುಸ್ಕಾ ಎಂಬ ಫ್ಲೋರೆನ್ಸಿನ ವಿದ್ವತ್ಸಭೆಯು 1612ರಲ್ಲಿ ದೊಡ್ಡ ಶಬ್ದಕೋಶವನ್ನು ಹೊರತಂದಿತು. ಅದರ ತಲೆಬರಹವನ್ನು ನೋಡಿರಿ: ಕ್ರುಸ್ಕಾ ಸಭಾಸದರ ಶಬ್ದಕೋಶ, ಅಷ್ಟೇ. ಯಾವ ಭಾಷೆಯದೆಂದು ಅಲ್ಲಿ ಹೇಳಿಲ್ಲ.

ಇದೇ ಕಾಲದಲ್ಲಿ ಫಿಲಿಪ್ಪೊ ಸಸ್ಸೆತ್ತಿ ಎಂಬ ಫ್ಲೋರೆನ್ಸಿನ ವರ್ತಕನು 1583ರಲ್ಲಿ ಕೊಚ್ಚಿಗೆ ಬಂದಿಳಿದು, 1588ರಲ್ಲಿ ಗೋವೆಯಲ್ಲಿ ತೀರಿಕೊಂಡನು. ಅವನು ಊರಿಗೆ ಬರೆದ ಪತ್ರವೊಂದರಲ್ಲಿ ಸಂಸ್ಕೃತಕ್ಕೂ ತನ್ನ ಭಾಷೆಗೂ ಇರುವ ಹೋಲಿಕೆಯನ್ನು ಕಂಡು ಬೆರಗಾಗಿದ್ದಾನೆ. ದೇವ, ಸರ್ಪ, ಸಪ್ತ, ಅಷ್ಟ, ನವ ಎಂಬವಕ್ಕೆ ಅವನ ಮಾತಿನಲ್ಲಿ ದಿಯೊ, ಸೆರ್ಪೆ, ಸೆತ್ತೆ, ಒತ್ತೊ, ನೊವೆ. ಇಂಗ್ಲಿಷ್ ಪಂಡಿತರು ಇದನ್ನು ಹೇಳಿ ಕೀರ್ತಿ ಪಡೆಯುವದಕ್ಕೆ ಇನ್ನೂರು ವರ್ಷ ಮೊದಲೇ ಒಬ್ಬ ವ್ಯಾಪಾರಿಗೆ ಇದು ಹೊಳೆದಿತ್ತು. ವಿತುಲುಸ್ ಮತ್ತು ವತ್ಸಗಳು ಮಾತ್ರ ಅವನ ಪಟ್ಟಿಯಲ್ಲಿ ಸೇರಲಿಲ್ಲ.

ರಾಜಕೀಯದ ಕಥೆಯು ನಿಮಗೆ ಗೊತ್ತಿದ್ದದ್ದೇ. ಮ್ಯಾಜಿನಿ, ಗ್ಯಾರಿಬಾಲ್ಡಿಯರ ಹೆಸರನ್ನು ಕೇಳದ ದೇಶಾಭಿಮಾನಿಯು ನಮ್ಮಲ್ಲಿ ವಿರಳ. ನೆಪೋಲಿಯನ್ನನ ಕಾಲದಲ್ಲಿ, 1802ರಲ್ಲಿ, ಉತ್ತರದ ಒಂದು ಭಾಗಕ್ಕೆ ಇಟಾಲಿಯನ್ ಗಣರಾಜ್ಯವೆಂಬ ಹೆಸರು ಬಂದಿತು. ಅದು ಮೂರೇ ವರ್ಷದಲ್ಲಿ ಅವನ ರಾಜ್ಯವಾಯಿತು, 1814ರಲ್ಲಿ ಅಳಿಯಿತು. 1831ರಲ್ಲಿ ಮ್ಯಾಜಿನಿಯು ಮಾರ್ಸೇಲ್ಸಿನಲ್ಲಿ ತರುಣ ಇಟಲಿ ಎಂಬ ಸಂಘವನ್ನು ಸ್ಥಾಪಿಸಿದನು. 1847ರಲ್ಲಿ ಆಸ್ಟ್ರಿಯದ ಮಂತ್ರಿ ಮೆಟರ್ನಿಕನು, ಇಟಲಿಯೆಂಬದು ಭೂಗೋಳದಲ್ಲಿಯ ಒಂದು ಹೆಸರೇ ಹೊರತು ಮತ್ತೇನೂ ಅಲ್ಲವೆಂದು ಬರೆದನು. ಸಿಟ್ಟು ಬರತಕ್ಕ ಮಾತು ಅದು. ಆದರೆ ಭೂಗೋಳದ ಹೆಸರೊಂದು ಎರಡೂವರೆ ಸಾವಿರ ವರ್ಷ ಬಾಳಿದರೆ ಅದು ಎಷ್ಟು ಗಟ್ಟಿಯಾದ ವಸ್ತುವೆಂಬದನ್ನು ಆ ಚತುರನು ಎಣಿಸಲಿಲ್ಲ. ಹದಿನಾಲ್ಕು ವರ್ಷಗಳಲ್ಲಿ, 1861ನೆಯ ಮಾರ್ಚ್ 17ಕ್ಕೆ, ಟ್ಯೂರಿನ್ನಿನಲ್ಲಿ ವಿಕ್ಟರ್ ಇಮ್ಯಾನ್ಯುಯಲ್ಲನು ಇಟಲಿಯ ಅರಸನೆಂಬ ಬಿರುದನ್ನು ಧರಿಸಿದನು. ‘ಇಟಲಿಯ ಅರಸ’ನೆನ್ನಬೇಕೋ, ‘ಇಟಾಲಿಯನ್ನರ ಅರಸ’ನೆನ್ನಬೇಕೋ ಎಂದು ಆಗ ಚರ್ಚೆ ನಡೆಯಿತು. ನೆಲವೇ ಗೆದ್ದಿತು, ಜನರು ಸೋತರು.

ಜನರಾದರೂ ಎಲ್ಲಿದ್ದರು? ರಾಜ್ಯವನ್ನು ಕಟ್ಟಿದ ಮಂತ್ರಿ ಕಾವೂರನಿಗೆ ಇಟಾಲಿಯನ್ನಿಗಿಂತ ಫ್ರೆಂಚ್ ಹೆಚ್ಚು ಸಲೀಸು. ಅರಸನಿಗೆ ಪೀಡ್ಮಾಂಟಿನ ಆಡುಮಾತು. ಗ್ಯಾರಿಬಾಲ್ಡಿ ಹುಟ್ಟಿದ ನೀಸ್ ಪಟ್ಟಣವನ್ನು ಒಂದು ವರ್ಷ ಮೊದಲೇ ಫ್ರಾನ್ಸಿಗೆ ಒಪ್ಪಿಸಲಾಗಿತ್ತು. ಹೊಸ ರಾಜ್ಯದ ಸುಮಾರು 2 ಕೋಟಿ 20 ಲಕ್ಷ ಪ್ರಜೆಗಳಲ್ಲಿ ನೂರಕ್ಕೆ ಎರಡೂವರೆ ಜನ ಮಾತ್ರ ಇಟಾಲಿಯನ್ ಭಾಷೆಯನ್ನು ಬಳಸಬಲ್ಲವರಾಗಿದ್ದರೆಂದು ಭಾಷಾಶಾಸ್ತ್ರಜ್ಞನಾದ ತುಲ್ಲಿಯೊ ದೆ ಮೌರೊ ಲೆಕ್ಕ ಹಾಕಿದನು. ಮತ್ತೊಬ್ಬ ಪಂಡಿತನು ತೊಸ್ಕಾನದವರನ್ನೆಲ್ಲ ಸೇರಿಸಿ ನೂರಕ್ಕೆ ಹತ್ತರ ಹತ್ತಿರಕ್ಕೆ ತಂದನು. ಹತ್ತೆಂದರೂ ಎಷ್ಟಾಯಿತು? ನೂರರಲ್ಲಿ 75 ಜನಕ್ಕಿಂತ ಹೆಚ್ಚಿನವರಿಗೆ ಓದುಬರಹವಿಲ್ಲ. ಮಾಸ್ಸಿಮೊ ದಜೆಲ್ಯೊ ಎಂಬ ಹಿರಿಯ ಮುತ್ಸದ್ದಿಯು ತನ್ನ ಆತ್ಮಚರಿತ್ರೆಯಲ್ಲಿ, ಇಟಲಿಯಾಯಿತು, ಇಟಾಲಿಯನ್ನರಾಗಲಿಲ್ಲ ಎಂಬ ಅರ್ಥದ ಮಾತನ್ನು ಬರೆದಿಟ್ಟು ಹೋದನು. ಮಿಲಾನಿನ ಮಾಂಜೋನಿಯು ತನ್ನ ಪ್ರಸಿದ್ಧ ಕಾದಂಬರಿಯನ್ನು 1827ರಲ್ಲಿ ಅಚ್ಚು ಮಾಡಿಸಿದ ಮೇಲೆ, ಅದರ ಭಾಷೆಯು ಸಾಲದೆಂದು ಫ್ಲೋರೆನ್ಸಿನ ಬಳಕೆಯ ಮಾತಿಗೆ ತಿದ್ದಿ 1840ರಿಂದ ಮತ್ತೊಮ್ಮೆ ಹೊರಡಿಸಿದ್ದನು. ಆ ಪುಸ್ತಕವೂ, ಶಾಲಾಮಾಸ್ತರರೂ, ದಂಡಿನ ಚಾಕರಿಯೂ, ಕೊನೆಗೆ 1954ರಲ್ಲಿ ಆರಂಭವಾದ ದೂರದರ್ಶನವೂ ಕೂಡಿ ಇಟಲಿಯವರಿಗೆ ಇಟಾಲಿಯನ್ ಕಲಿಸಿದವು.

ಇದಕ್ಕಿಂತ ಬೇರೆ ಪಾಠಶಾಲೆಯೊಂದು ಸಮುದ್ರದ ಆಚೆಗೆ ನಡೆಯುತ್ತಿತ್ತು. 1876ರಿಂದ 1915ರ ವರೆಗೆ ಸುಮಾರು 1 ಕೋಟಿ 40 ಲಕ್ಷ ಜನರು ಹೊಟ್ಟೆಪಾಡಿಗಾಗಿ ಇಟಲಿಯನ್ನು ಬಿಟ್ಟು ಹೋದರು. ಊರಿನಲ್ಲಿ ಅವನು ಕಲಾಬ್ರಿಯದವನು, ಇವನು ನೇಪಲ್ಸಿನವನು. ನ್ಯೂಯಾರ್ಕಿನ ಬಂದರದಲ್ಲಿ ಇಳಿದೊಡನೆ ಇಬ್ಬರೂ ಇಟಾಲಿಯನ್ನರು. ಆದರೆ ಅಲ್ಲಿಯೂ ಒಂದು ಗೆರೆ ಎಳೆಯಲ್ಪಟ್ಟಿತು. 1899ರಿಂದ ಅಮೇರಿಕದ ವಲಸೆಖಾತೆಯವರು ತಮ್ಮ ಪಟ್ಟಿಯಲ್ಲಿ ‘ಉತ್ತರ ಇಟಾಲಿಯನ್’, ‘ದಕ್ಷಿಣ ಇಟಾಲಿಯನ್’ ಎಂದು ಎರಡು ಬೇರೆ ಜನಾಂಗಗಳನ್ನು ಬರೆಯತೊಡಗಿದರು. ದಕ್ಷಿಣದವರನ್ನು ಕೀಳೆಂದು ಎಣಿಸಿದರು. ಇಟಾಲಿಯಾ ಎಂಬ ಹೆಸರು ಹುಟ್ಟಿದ ನೆಲದವನೇ ಕಡಿಮೆ ಇಟಾಲಿಯನ್ನನಾದ ವಿಪರೀತವನ್ನು ನೋಡಿರಿ.

ಹೆಸರನ್ನು ಬಲಾತ್ಕಾರದಿಂದ ತೊಡಿಸಿದ ಕಾಲವೂ ಬಂದಿತು. ಮೊದಲನೆಯ ಮಹಾಯುದ್ಧದ ತರುವಾಯ ಜರ್ಮನ್ ಮಾತನಾಡುವ ದಕ್ಷಿಣ ಟಿರೋಲವೂ, ಸ್ಲಾವ್ ಜನರಿದ್ದ ಇಸ್ತ್ರಿಯವೂ ಇಟಲಿಗೆ ಸೇರಿದವು. ಮುಸೊಲೀನಿಯ ಸರಕಾರವು 1920ರ ದಶಕದಲ್ಲಿ ಅಲ್ಲಿಯ ಶಾಲೆಗಳಲ್ಲಿ ಅವರ ಭಾಷೆಯನ್ನು ನಿಲ್ಲಿಸಿ, ಊರುಗಳಿಗೂ ಮನೆತನಗಳಿಗೂ ಇಟಾಲಿಯನ್ ಹೆಸರುಗಳನ್ನು ಹೊರಿಸಿತು. ಯಾವ ಶಬ್ದವು ಕೋರ್ಫಿನಿಯಮ್ಮಿನಲ್ಲಿ ಹೊರಗಿಡಲ್ಪಟ್ಟವರ ಕೈಯ ಆಯುಧವಾಗಿತ್ತೋ ಅದೇ ಶಬ್ದವು ಇಲ್ಲಿ ದುರ್ಬಲರ ಬಾಯಿ ಮುಚ್ಚುವ ಸಾಧನವಾಯಿತು. ನನ್ನ ಮತದಂತೆ ಈ ಶಬ್ದದ ಚರಿತ್ರೆಯಲ್ಲಿ ಇದಕ್ಕಿಂತ ಹೀನವಾದ ಪ್ರಕರಣವಿಲ್ಲ. 1948ರಲ್ಲಿ ಜಾರಿಗೆ ಬಂದ ಗಣರಾಜ್ಯದ ಸಂವಿಧಾನವು ಅಲ್ಪಸಂಖ್ಯಾತ ಭಾಷೆಗಳನ್ನು ರಕ್ಷಿಸುವ ಮಾತು ಕೊಟ್ಟಿತು. ಆದರೆ ಇಟಾಲಿಯನ್ ರಾಜ್ಯಭಾಷೆಯೆಂದು ಕಾಯದೆಯಲ್ಲಿ ಸ್ಪಷ್ಟವಾಗಿ ಬರೆದದ್ದು 1999ರಲ್ಲಿ. ಅದೇ ಕಾಯದೆಯು ಬೇರೆ ಹನ್ನೆರಡು ಭಾಷೆಗಳವರಿಗೂ ರಕ್ಷಣೆಯನ್ನು ಕೊಟ್ಟಿತು.

ಯಾರು ಇಟಾಲಿಯನ್ನರೆಂಬ ಪ್ರಶ್ನೆಯು ಈಗಲೂ ಬಗೆಹರಿದಿಲ್ಲ. ವಲಸೆ ಹೋದವರ ಸಂತತಿಯವರು ಎಷ್ಟು ತಲೆಮಾರು ಕಳೆದರೂ ರಕ್ತಸಂಬಂಧದಿಂದ ನಾಗರಿಕತ್ವವನ್ನು ಕೇಳಬಹುದಾಗಿತ್ತು. 2025ರ ಕಾಯದೆಯು ಅದನ್ನು ಬಹುಮಟ್ಟಿಗೆ ತಂದೆತಾಯಿ, ಅಜ್ಜಅಜ್ಜಿಯರ ವರೆಗೆ ಮೊಟಕು ಮಾಡಿತು. ಅತ್ತ ಇಟಲಿಯಲ್ಲಿಯೇ ದುಡಿಯುತ್ತಿರುವ ಪರದೇಶದವರು ಹತ್ತು ವರ್ಷ ಕಾಯುವ ಬದಲು ಐದು ವರ್ಷಕ್ಕೆ ನಾಗರಿಕರಾಗಲೆಂಬ ಸೂಚನೆಯ ಮೇಲೆ ಅದೇ ವರ್ಷದ ಜೂನ್ ತಿಂಗಳಲ್ಲಿ ಜನಮತವನ್ನು ಕೇಳಲಾಯಿತು. ಸಾಕಷ್ಟು ಜನ ಮತಕ್ಕೆ ಬಾರದ್ದರಿಂದ ಅದು ಬಿದ್ದುಹೋಯಿತು. ಅನೇಕ ಪಂಜಾಬಿಗಳು ಪೋ ನದಿಯ ಬಯಲಿನ ಕೊಟ್ಟಿಗೆಗಳಲ್ಲಿ ದನಕರುಗಳನ್ನು ನೋಡಿಕೊಂಡು ಬಾಳುತ್ತಿದ್ದಾರೆಂಬದನ್ನು ಇಲ್ಲಿ ನೆನೆದರೆ, ವಿತುಲುಸ್ ಎಂಬ ಹಳೆಯ ಶಬ್ದವು ತಾನಾಗಿ ಕಿವಿಗೆ ಬರುವದು.

1999ರ ಕಾಯದೆಯ ಹನ್ನೆರಡು ಭಾಷೆಗಳಲ್ಲಿ ಗ್ರೀಕವೂ ಒಂದು. ಬೂಟಿನ ಬೆರಳಿನ ತುದಿಯಲ್ಲಿ, ಆಸ್ಪ್ರೊಮೊಂತೆ ಬೆಟ್ಟದ ಕೆಲವು ಹಳ್ಳಿಗಳಲ್ಲಿ, ಮುದುಕರು ಇಂದಿಗೂ ಅದನ್ನಾಡುತ್ತಾರೆ.